ಜುಲೈ ಒಂದು: ಹಬ್ಬ ಯಾರದು, ನೆಲ ಯಾರದು?

(ಉಪನ್ಯಾಸವೊಂದರ ಬರಹರೂಪ)



ಜುಲೈ 1 ಕೆನಡಾ ದೇಶದ ರಾಷ್ಟ್ರೀಯ ಹಬ್ಬದ ದಿನ. ಅಂದು ರಾಜಧಾನಿ ಒಟ್ಟಾವಾದಿಂದ ಹಿಡಿದು ಸಣ್ಣ ಪೇಟೆಗಳವರೆಗೆ ಎಲ್ಲೆಡೆ ಮೇಪಲ್ ಎಲೆಯ ಕೆಂಪು-ಬಿಳಿ ಬಾವುಟ, ಮೆರವಣಿಗೆ, ವಾದ್ಯಗೋಷ್ಠಿ. ಕತ್ತಲಾದ ಮೇಲೆ ಬಾಣಬಿರುಸು. ಆದರೆ ಕೆಲವು ವರ್ಷಗಳಿಂದ ಅದೇ ದಿನ ಅಲ್ಲಿನ ಹಲವು ಊರುಗಳಲ್ಲಿ ಇನ್ನೊಂದು ಮೆರವಣಿಗೆಯೂ ಹೊರಡುತ್ತಿದೆ. ಅದರಲ್ಲಿ ಕೆಂಪಂಗಿಯ ಬದಲು ಕಿತ್ತಳೆ ಬಣ್ಣದ ಅಂಗಿ, ಬ್ಯಾಂಡಿನ ಬದಲು ಚರ್ಮದ ಡೋಲು. ಈ ದಿನದಲ್ಲಿ ಸಂಭ್ರಮಿಸುವಂಥದ್ದೇನಿದೆ ಎಂಬುದು ಆ ಮೆರವಣಿಗೆಯ ಪ್ರಶ್ನೆ. ಕೇಳುವವರು ಆ ನೆಲದ ಮೂಲನಿವಾಸಿಗಳು. ಅವರ ಜೊತೆ ಹೆಜ್ಜೆ ಹಾಕುವವರಲ್ಲಿ ಬಿಳಿಯರೂ ಇದ್ದಾರೆ, ಬೇರೆ ಖಂಡಗಳಿಂದ ಹೋಗಿ ನೆಲೆಸಿದವರೂ ಇದ್ದಾರೆ.

ದೂರದಿಂದ ನೋಡುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ತಮ್ಮ ದೇಶದ ಹುಟ್ಟುಹಬ್ಬವನ್ನು ತಾವೇ ಬೇಡವೆನ್ನುವುದು ದೇಶದ್ರೋಹವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ನೂರೈವತ್ತು ವರ್ಷ ಹಳೆಯ ಕಥೆಯನ್ನು ಈಗ ಕೆದಕುವುದರಿಂದ ಬರುವ ಭಾಗ್ಯವೇನು ಎಂದು ಇನ್ನು ಕೆಲವರು ಕೇಳಬಹುದು. ಎರಡಕ್ಕೂ ಉತ್ತರ ಸಿಗಬೇಕಾದರೆ ಒಂದು ಮಾತನ್ನು ಮೊದಲೇ ಗಮನಿಸಬೇಕು. ಈ ಜಗಳ ನಡೆದಿರುವುದು ತಾರೀಖಿಗಾಗಿ ಅಲ್ಲ, ಬಾಣಬಿರುಸಿಗಾಗಿಯೂ ಅಲ್ಲ. ನೆಲಕ್ಕಾಗಿ. ಆ ನೆಲದ ಮೇಲೆ ರಸ್ತೆ, ಅಣೆಕಟ್ಟು, ಕೊಳವೆ ಮಾರ್ಗ ಬರುವಾಗ ಹೂಂ ಎನ್ನುವ ಅಥವಾ ಊಹೂಂ ಎನ್ನುವ ಹಕ್ಕು ಯಾರದು ಎಂಬುದಕ್ಕಾಗಿ. ಜುಲೈ 1 ಆ ಲೆಕ್ಕದ ಪುಸ್ತಕ ತೆರೆಯುವ ದಿನ, ಅಷ್ಟೆ.

ಒಕ್ಕೂಟ ಹುಟ್ಟಿದ ದಿನ

1867ರ ಜುಲೈ 1ರಂದು ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯೊಂದು ಜಾರಿಗೆ ಬಂದು ಉತ್ತರ ಅಮೆರಿಕದ ಮೂರು ವಸಾಹತುಗಳು ಸೇರಿ ಕೆನಡಾ ಒಕ್ಕೂಟವಾಯಿತು. ಅದಕ್ಕೆ ಮುಂಚೆ 1864ರಲ್ಲಿ ಷಾರ್ಲಟ್‌ಟೌನ್ ಮತ್ತು ಕ್ವಿಬೆಕ್ ನಗರಗಳಲ್ಲಿ ಸಮಾಲೋಚನೆಗಳು ನಡೆದವು. ಇಂಗ್ಲಿಷರಿದ್ದರು, ಫ್ರೆಂಚರಿದ್ದರು. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ್ದ ಜನಾಂಗಗಳ ಪರವಾಗಿ ಒಬ್ಬರೂ ಇರಲಿಲ್ಲ. ಕಾಯ್ದೆಯಲ್ಲಿ ಮಾತ್ರ ಅವರ ಪ್ರಸ್ತಾಪ ಬಂತು. ಕೇಂದ್ರ ಸರ್ಕಾರದ ಅಧಿಕಾರಕ್ಕೆ ಒಳಪಟ್ಟ ವಿಷಯಗಳ ಪಟ್ಟಿಯಲ್ಲಿ ಅಂಚೆ, ನಾಣ್ಯ, ದೀಪಸ್ತಂಭಗಳ ಜೊತೆಗೆ ‘ಇಂಡಿಯನ್ನರು ಮತ್ತು ಅವರಿಗೆ ಮೀಸಲಾದ ನೆಲ’ ಎಂಬುದೂ ಒಂದು ಬಾಬ್ತಾಗಿ ಸೇರಿಕೊಂಡಿತು. ಮಾತುಕತೆಗೆ ಕೂರಬೇಕಾದವರು ಹೀಗೆ ಆಡಳಿತದ ಒಂದು ವಿಷಯವಾಗಿಬಿಟ್ಟರು.

ಇದಕ್ಕೊಂದು ಹಿನ್ನೆಲೆಯಿದೆ. 1763ರಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್ ಹೊರಡಿಸಿದ ಘೋಷಣೆಯ ಪ್ರಕಾರ, ಮೂಲನಿವಾಸಿಗಳ ನೆಲವನ್ನು ಖಾಸಗಿಯವರು ಕೊಳ್ಳುವಂತಿರಲಿಲ್ಲ. ಅವರು ಬಿಟ್ಟುಕೊಡಲು ಒಪ್ಪಿದರೆ, ಬಹಿರಂಗ ಸಭೆ ಕರೆದು, ದೊರೆತನವೇ ಅದನ್ನು ಪಡೆಯಬೇಕಿತ್ತು. ಮುಂದೆ ಹಲವು ಕಡೆ ಒಪ್ಪಂದಗಳಾದವು. ಆ ಒಪ್ಪಂದಗಳ ಅರ್ಥವೇನು ಎಂಬ ಬಗ್ಗೆ ಇಂದಿಗೂ ವ್ಯಾಜ್ಯಗಳಿವೆ. ನೆಲವನ್ನು ಹಂಚಿಕೊಂಡು ಬಾಳಲು ಒಪ್ಪಿದೆವು ಎಂದು ಒಬ್ಬರು, ಶಾಶ್ವತವಾಗಿ ಬಿಟ್ಟುಕೊಟ್ಟಿರಿ ಎಂದು ಇನ್ನೊಬ್ಬರು. ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯ ಪ್ರಾಂತದ ಬಹುಭಾಗದಲ್ಲಿ ಅಂಥ ಒಪ್ಪಂದವೂ ಆಗಲಿಲ್ಲ. ಕೊಂಡದ್ದೂ ಇಲ್ಲ, ಗೆದ್ದದ್ದೂ ಇಲ್ಲ, ದಾನವಾಗಿ ಪಡೆದದ್ದೂ ಇಲ್ಲ. ಬಂದು ಕೂತರು.

1876ರಲ್ಲಿ ‘ಇಂಡಿಯನ್ ಕಾಯ್ದೆ’ ಬಂತು. ಯಾರು ಇಂಡಿಯನ್, ಯಾರು ಅಲ್ಲ, ಅವರ ಊರಿನ ಮುಖಂಡನ ಆಯ್ಕೆ ಹೇಗೆ ಎಂಬುದನ್ನೆಲ್ಲ ಒಟ್ಟಾವಾದ ಅಧಿಕಾರಿಗಳು ತೀರ್ಮಾನಿಸತೊಡಗಿದರು. 1884ರ ತಿದ್ದುಪಡಿ ಪಶ್ಚಿಮ ಕರಾವಳಿಯ ಜನರ ‘ಪಾಟ್‌ಲ್ಯಾಚ್’ ಎಂಬ ದೊಡ್ಡ ಸಮಾರಂಭವನ್ನು ಅಪರಾಧವೆಂದು ಸಾರಿತು. ಹೊರಗಿನವರ ಕಣ್ಣಿಗೆ ಅದು ಉಂಡು, ಕುಣಿದು, ಇದ್ದದ್ದನ್ನೆಲ್ಲ ದಾನ ಮಾಡುವ ದುಂದಿನ ಕೂಟ. ಆ ಜನರಿಗೋ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯಿದ್ದಂತೆ. ಯಾವ ಮನೆತನಕ್ಕೆ ಯಾವ ಹೆಸರು, ಆ ಹೆಸರಿನ ಜೊತೆ ಯಾವ ಹೊಳೆ, ಯಾವ ಕಾಡು ಸೇರಿದೆ ಎಂಬುದನ್ನು ನೆರೆದ ಅತಿಥಿಗಳ ಎದುರು ಹೇಳಿ, ಉಡುಗೊರೆ ಕೊಟ್ಟು ಅವರನ್ನು ಸಾಕ್ಷಿಯಾಗಿಸುವ ಸಭೆ ಅದು. ಅದನ್ನು ನಿಲ್ಲಿಸಿದಾಗ ಬರಿಯ ಕುಣಿತ ನಿಲ್ಲಲಿಲ್ಲ, ಖಾತೆಯ ಪುಸ್ತಕವೇ ಮುಚ್ಚಿತು.

1927ರಲ್ಲಿ ಇನ್ನೂ ಒಂದು ಕಲಮು ಸೇರಿತು. ನೆಲದ ಹಕ್ಕಿನ ವ್ಯಾಜ್ಯ ನಡೆಸಲೆಂದು ಮೂಲನಿವಾಸಿಗಳಿಂದ ಸರ್ಕಾರದ ಅನುಮತಿಯಿಲ್ಲದೆ ಹಣ ಎತ್ತುವುದು ಅಪರಾಧ. ಎಂದರೆ, ವಕೀಲರನ್ನು ಇಟ್ಟುಕೊಳ್ಳುವುದೇ ಅಸಾಧ್ಯ. ಈ ಎರಡು ನಿಷೇಧಗಳೂ ಕಾಯ್ದೆಯಿಂದ ಹೊರಬಿದ್ದದ್ದು 1951ರಲ್ಲಿ. ತಮ್ಮ ಕಾನೂನು ಸ್ಥಾನಮಾನ ಕಳೆದುಕೊಳ್ಳದೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಅವರೆಲ್ಲರಿಗೂ ಸಿಕ್ಕಿದ್ದು 1960ರಲ್ಲಿ. ನೂರೈವತ್ತು ವರ್ಷ ಸುಮ್ಮನಿದ್ದವರು ಈಗೇಕೆ ಎದ್ದರು ಎಂದು ಕೇಳುವವರು ಈ ತಾರೀಖುಗಳನ್ನು ನೆನಪಿಡಬೇಕು. ಅವರು ಸುಮ್ಮನಿರಲಿಲ್ಲ. ಅವರ ಬಾಯಿಗೆ ಕಾನೂನಿನ ಬೀಗ ಬಿದ್ದಿತ್ತು.

ಒಂದೇ ದಿನದ ಹಲವು ಮುಖ

ಹಬ್ಬದ ದಿನವನ್ನು ಶೋಕದ ದಿನವಾಗಿ ಕಂಡವರಲ್ಲಿ ಮೂಲನಿವಾಸಿಗಳೇ ಮೊದಲಿಗರಲ್ಲ. ಜುಲೈ 1 ಕೆನಡಾದಲ್ಲಿ ಎಂದೂ ಎಲ್ಲರಿಗೂ ಒಂದೇ ದಿನವಾಗಿರಲಿಲ್ಲ. ಅದಕ್ಕೆ ಕಾಯ್ದೆಬದ್ಧ ರಜೆಯ ಸ್ಥಾನ ಬಂದದ್ದು 1879ರಲ್ಲಿ, ‘ಡೊಮಿನಿಯನ್ ದಿನ’ ಎಂಬ ಹೆಸರಿನಿಂದ. ‘ಕೆನಡಾ ದಿನ’ ಎಂಬ ಹೆಸರು 1982ರದು. ಫ್ರೆಂಚ್ ಮಾತಿನ ಕ್ವಿಬೆಕ್ ಪ್ರಾಂತದಲ್ಲಿ ಜೂನ್ 24ರ ಸಂತ ಜಾನರ ಹಬ್ಬವೇ ದೊಡ್ಡದು. ಜುಲೈ 1 ಅಲ್ಲಿ ಬಾಡಿಗೆಯ ಕರಾರು ಮುಗಿದು ಜನ ಮಂಚ, ಮೇಜು ಹೊತ್ತು ಮನೆ ಬದಲಾಯಿಸುವ ದಿನ.

ಪೂರ್ವದಂಚಿನ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಅದು ಶ್ರಾದ್ಧದ ದಿನ. ಮೊದಲ ಮಹಾಯುದ್ಧದಲ್ಲಿ 1916ರ ಜುಲೈ 1ರ ಬೆಳಿಗ್ಗೆ ಫ್ರಾನ್ಸಿನ ಬೋಮೊಂ-ಹಾಮೆಲ್ ಎಂಬಲ್ಲಿ ಆ ದ್ವೀಪದ ಸುಮಾರು 800 ಸೈನಿಕರು ಕಂದಕದಿಂದ ಮೇಲೆದ್ದು ನಡೆದರು. ಮರುದಿನದ ಹಾಜರಿಗೆ ಓಗೊಟ್ಟವರು 68 ಮಂದಿ. ದ್ವೀಪ ಕೆನಡಾಕ್ಕೆ ಸೇರಿದ್ದು 1949ರಲ್ಲಿ. ಇಂದಿಗೂ ಅಲ್ಲಿ ಜುಲೈ 1ರ ಬೆಳಿಗ್ಗೆ ಬಾವುಟ ಅರ್ಧಕ್ಕಿಳಿಯುತ್ತದೆ, ಮಧ್ಯಾಹ್ನದ ನಂತರ ಹಬ್ಬ. ಇದನ್ನು ಯಾರೂ ದೇಶದ್ರೋಹವೆನ್ನುವುದಿಲ್ಲ.

ಚೀನೀಯರ ಕಥೆ ಇನ್ನೊಂದು. ಖಂಡದ ಉದ್ದಕ್ಕೂ ರೈಲುಹಾದಿ ಹಾಕಲು ಬಂದ ಚೀನೀ ಕೂಲಿಗಳ ಮೇಲೆ, ಕೆಲಸ ಮುಗಿದ ಕೂಡಲೇ 1885ರಲ್ಲಿ ತಲೆಗಂದಾಯ ಬಿತ್ತು. ಅದೂ ಸಾಲದೆಂದು ಚೀನೀಯರ ವಲಸೆಯನ್ನೇ ಹೆಚ್ಚುಕಡಿಮೆ ಪೂರ್ತಿ ತಡೆಯುವ ಕಾಯ್ದೆ 1923ರಲ್ಲಿ ಜಾರಿಗೆ ಬಂತು. ಜಾರಿಯಾದ ದಿನ ಜುಲೈ 1. ಆ ಕಾಯ್ದೆ ರದ್ದಾದ 1947ರವರೆಗೂ ಅಲ್ಲಿನ ಚೀನೀಯರು ಆ ದಿನವನ್ನು ‘ಅವಮಾನದ ದಿನ’ವೆಂದು ಕರೆದರು, ಅಂಗಡಿ ಮುಚ್ಚಿದರು, ಹಬ್ಬದಿಂದ ದೂರ ಉಳಿದರು. ಭಾರತೀಯರಿಗೂ ಆ ದಿನದ ನಂಟಿದೆ. 1914ರ ಜುಲೈ 1ರಂದು ಡೊಮಿನಿಯನ್ ದಿನ ಬಂದಾಗ, ವ್ಯಾಂಕೂವರ್ ಬಂದರಿನಲ್ಲಿ ಕೊಮಗಾಟಾ ಮಾರು ಹಡಗು ನಿಂತಿತ್ತು. ಬಹುಪಾಲು ಪಂಜಾಬಿನವರಾದ 376 ಪ್ರಯಾಣಿಕರು ಇಳಿಯಲು ಅಪ್ಪಣೆಯಿಲ್ಲದೆ ಅದರಲ್ಲಿ ಕಾಯುತ್ತಿದ್ದರು. ಕೆಲವರನ್ನು ಬಿಟ್ಟು ಉಳಿದವರೊಡನೆ ಆ ಹಡಗನ್ನು ಅದೇ ತಿಂಗಳ 23ರಂದು ಹಿಂದಕ್ಕೆ ಅಟ್ಟಲಾಯಿತು.

ಬೇರೆ ದೇಶಗಳಲ್ಲೂ ಈ ಪರಂಪರೆಯಿದೆ. 1938ರ ಜನವರಿ 26ರಂದು ಬಿಳಿಯರು ಬಂದಿಳಿದ 150ನೆಯ ವರ್ಷವನ್ನು ಆಸ್ಟ್ರೇಲಿಯ ಆಚರಿಸುತ್ತಿದ್ದಾಗ, ಸಿಡ್ನಿಯ ಸಭಾಂಗಣವೊಂದರಲ್ಲಿ ಅಬಾರಿಜಿನಲ್ ಮುಖಂಡರು ಸೇರಿ ಅದನ್ನು ಶೋಕದಿನವೆಂದು ಸಾರಿದರು. ಅಮೆರಿಕದ ಪ್ಲಿಮತ್ ಊರಿನಲ್ಲಿ 1970ರಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಮೂಲನಿವಾಸಿಗಳ ಶೋಕಾಚರಣೆ ನಡೆಯುತ್ತಿದೆ. ಹಬ್ಬದಂದು ಊರೆಲ್ಲ ನೆರೆದಿರುತ್ತದೆ. ಉಳಿದ ದಿನ ಕೇಳಿಸದ ಮಾತು ಅಂದು ಕೇಳಿಸುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕ.

ನೆಲ ಕಾಯುವವರು

ಕೆನಡಾದಲ್ಲಿ ‘ಲ್ಯಾಂಡ್ ಡಿಫೆಂಡರ್’ ಎಂಬ ಮಾತು ರೂಢಿಯಲ್ಲಿದೆ. ಭೂರಕ್ಷಕರು, ನೆಲ ಕಾಯುವವರು ಎಂದರ್ಥ. ಪ್ರತಿಭಟನಕಾರರೆಂದು ಕರೆದರೆ ಅವರು ಒಪ್ಪುವುದಿಲ್ಲ. ಪ್ರತಿಭಟನಕಾರ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೂಗುತ್ತಾನೆ; ನಾವು ನಮ್ಮ ಬಾಗಿಲಲ್ಲೇ ನಿಂತಿದ್ದೇವೆ ಎನ್ನುವುದು ಅವರ ವಾದ.

1990ರಲ್ಲಿ ಕ್ವಿಬೆಕ್ ಪ್ರಾಂತದ ಓಕಾ ಎಂಬ ಪಟ್ಟಣದ ಆಡಳಿತ ಅಲ್ಲಿದ್ದ ಗಾಲ್ಫ್ ಮೈದಾನವನ್ನು ವಿಸ್ತರಿಸಲು ಹೊರಟಿತು. ವಿಸ್ತರಣೆಗೆ ಬೇಕಾಗಿದ್ದ ಪೈನ್ ತೋಪು ಕಾನೆಸತಾಕೆಯ ಮೋಹಾಕ್ ಜನ ತಮ್ಮದೆಂದು ತಲೆಮಾರುಗಳಿಂದ ಹೇಳುತ್ತಾ ಬಂದದ್ದು. ಪಕ್ಕದಲ್ಲೇ ಅವರ ಹಿರಿಯರ ಸಮಾಧಿಗಳು. ಅವರು ದಾರಿಗೆ ಅಡ್ಡಗಟ್ಟೆ ಹಾಕಿದರು. ಜುಲೈ 11ರಂದು ಪೊಲೀಸರು ನುಗ್ಗಿದಾಗ ಗುಂಡು ಹಾರಿ ಒಬ್ಬ ಪೊಲೀಸ್ ಅಧಿಕಾರಿ ಸತ್ತರು. ಸೈನ್ಯ ಬಂತು. 78 ದಿನಗಳ ನಂತರ ಬಿಕ್ಕಟ್ಟು ಮುಗಿಯಿತು. ಗಾಲ್ಫ್ ಮೈದಾನದ ವಿಸ್ತರಣೆ ಕೈಬಿಟ್ಟುಹೋಯಿತು.

ಐದು ವರ್ಷದ ಮೇಲೆ ಒಂಟಾರಿಯೋ ಪ್ರಾಂತದ ಇಪ್ಪರ್‌ವಾಷ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸೈನಿಕ ಶಿಬಿರಕ್ಕೆಂದು ಮೂಲನಿವಾಸಿಗಳ ಮೀಸಲು ನೆಲವನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಯುದ್ಧ ಮುಗಿದು ಅರ್ಧ ಶತಮಾನವಾದರೂ ಆ ನೆಲ ಹಿಂದಕ್ಕೆ ಬರಲಿಲ್ಲ. ಕೊನೆಗೆ ಜನರೇ ಹೋಗಿ ಅಲ್ಲಿ ಕೂತರು. ಶಿಬಿರದ ಪಕ್ಕದ ಉದ್ಯಾನದಲ್ಲಿ 1995ರ ಸೆಪ್ಟೆಂಬರ್ 6ರ ರಾತ್ರಿ ಪೊಲೀಸರ ಗುಂಡಿಗೆ ಡಡ್ಲಿ ಜಾರ್ಜ್ ಎಂಬ ನಿರಾಯುಧ ಮೂಲನಿವಾಸಿ ಬಲಿಯಾದರು. ಶಿಬಿರದ ನೆಲವನ್ನು ಹಿಂತಿರುಗಿಸುವ ಒಪ್ಪಂದವಾದುದು 2016ರಲ್ಲಿ.

ಇತ್ತೀಚಿನ ವರ್ಷಗಳಲ್ಲಿ ಜುಲೈ 1ರ ಪ್ರತಿಭಟನೆಗೆ ಕಾವು ಕೊಟ್ಟ ಪ್ರಕರಣಗಳಲ್ಲಿ ಮುಖ್ಯವಾದುದು ವೆಟ್ಸುವೆಟೆನ್ ಜನರದು. ಬ್ರಿಟಿಷ್ ಕೊಲಂಬಿಯದ ವಾಯವ್ಯ ಭಾಗದಲ್ಲಿ ಸುಮಾರು 22,000 ಚದರ ಕಿಲೋಮೀಟರ್ ಕಾಡು-ಹೊಳೆ-ಬೆಟ್ಟಗಳ ನಾಡು ಅವರದು. ಐದು ಕುಲ, 13 ಮನೆತನ. ಒಂದೊಂದು ಮನೆತನಕ್ಕೂ ಗೊತ್ತಾದ ಸರಹದ್ದು. ಅದರ ಹೊಣೆ ವಂಶಪಾರಂಪರ್ಯವಾಗಿ ಬಂದ ಹೆಸರು ಹೊತ್ತ ಮುಖ್ಯಸ್ಥರ ಮೇಲೆ.

ಅವರೂ ನೆರೆಯ ಗಿಟ್ಕ್ಸಾನ್ ಜನರೂ ಸೇರಿ 1984ರಲ್ಲಿ ದಾವೆ ಹೂಡಿದರು. ‘ಡೆಲ್ಗಮೂಕ್ ಮೊಕದ್ದಮೆ’ ಎಂದೇ ಅದು ಪ್ರಸಿದ್ಧ. ಕಾಗದಪತ್ರವಿಲ್ಲದ ಜನ ತಮ್ಮ ಹಾಡು, ಕಥನ, ಕುಲಲಾಂಛನಗಳನ್ನೇ ದಾಖಲೆಯಾಗಿ ಮುಂದಿಟ್ಟರು. ಗಿಟ್ಕ್ಸಾನ್ ಹಿರಿಯಳಾದ ಮೇರಿ ಜಾನ್ಸನ್ ತಮ್ಮ ಮನೆತನದ ಹಾಡನ್ನು ನ್ಯಾಯಾಲಯದಲ್ಲಿ ಹಾಡಲು ಮುಂದಾದಾಗ, ತಮ್ಮ ಕಿವಿ ತಗಡಿನದು, ಹಾಡಿದರೆ ಪ್ರಯೋಜನವಿಲ್ಲ ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. ಆಕೆ ಹಾಡಿದರು. 1991ರ ತೀರ್ಪು ಅವರಿಗೆ ವಿರುದ್ಧವಾಗಿ ಬಂತು. ಆದರೆ 1997ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು. ಬಾಯಿಂದ ಬಾಯಿಗೆ ಬಂದ ಚರಿತ್ರೆಗೂ ಬರಹದ ದಾಖಲೆಯ ಪಕ್ಕದಲ್ಲಿ ಸ್ಥಾನ ಕೊಡಬೇಕು. ಮೂಲನಿವಾಸಿಗಳ ಭೂಸ್ವಾಮ್ಯವೆಂಬುದು ಕಾನೂನಿನಲ್ಲಿ ಉಂಟು, ಪ್ರಾಂತದ ಸರ್ಕಾರ ಅದನ್ನು ತಾನಾಗಿ ಅಳಿಸಲಾರದು. ಇಷ್ಟನ್ನು ಹೇಳಿ, ಈ ಜನರ ಸ್ವಾಮ್ಯ ಎಲ್ಲಿಂದ ಎಲ್ಲಿಗೆ ಎಂಬುದನ್ನು ತೀರ್ಮಾನಿಸಲು ಹೊಸ ವಿಚಾರಣೆಯಾಗಲಿ, ಅದಕ್ಕಿಂತ ಮಾತುಕತೆಯಾದರೆ ಉತ್ತಮ ಎಂದಿತು. ಆ ಹೊಸ ವಿಚಾರಣೆ ನಡೆಯಲೇ ಇಲ್ಲ.

ಆ ತೆರವಿನಲ್ಲಿಯೇ ಕೊಳವೆ ಮಾರ್ಗ ಬಂತು. ಕೋಸ್ಟಲ್ ಗ್ಯಾಸ್‌ಲಿಂಕ್ ಎಂಬ ಈ ಮಾರ್ಗ 670 ಕಿಲೋಮೀಟರ್ ಉದ್ದದ್ದು; ಒಳನಾಡಿನ ನೈಸರ್ಗಿಕ ಅನಿಲವನ್ನು ಕಿಟಿಮ್ಯಾಟ್ ಬಂದರಿಗೆ ಒಯ್ಯುವಂಥದು. ಮಾರ್ಗದುದ್ದಕ್ಕೂ ಇರುವ 20 ಚುನಾಯಿತ ಮಂಡಳಿಗಳು ಕಂಪನಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದವು. ವೆಟ್ಸುವೆಟೆನ್ ವಂಶಪಾರಂಪರ್ಯ ಮುಖ್ಯಸ್ಥರು ಒಪ್ಪಲಿಲ್ಲ. ಆ ಮಂಡಳಿಗಳು ಇಂಡಿಯನ್ ಕಾಯ್ದೆಯ ಸೃಷ್ಟಿ, ಅವುಗಳ ಅಧಿಕಾರ ಸಣ್ಣ ಮೀಸಲು ನೆಲಕ್ಕೆ ಮಾತ್ರ. ಹೊರಗಿನ ವಿಶಾಲ ನಾಡಿನ ಹೊಣೆ ನಮ್ಮದು ಎಂಬುದು ಅವರ ನಿಲುವು. ಕಂಪನಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. 2019ರ ಜನವರಿ, 2020ರ ಫೆಬ್ರವರಿ, 2021ರ ನವೆಂಬರ್, ಹೀಗೆ ಮೂರು ಸಲ ರಾಷ್ಟ್ರೀಯ ಪೊಲೀಸ್ ಪಡೆ ಹಿಮದ ಕಾಡಿಗೆ ಹೋಗಿ ದಾರಿ ಕಾಯುತ್ತಿದ್ದವರನ್ನು ಬಂಧಿಸಿತು. ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಯನ್ನು ಅನುಸರಿಸುವುದಾಗಿ ಅದೇ ಪ್ರಾಂತದ ಶಾಸನಸಭೆ 2019ರ ನವೆಂಬರ್‌ನಲ್ಲಿ ಒಮ್ಮತದಿಂದ ಕಾಯ್ದೆ ಮಾಡಿತ್ತು ಎಂಬುದನ್ನು ಇಲ್ಲಿ ಮರೆಯಬಾರದು.

2020ರ ಫೆಬ್ರವರಿಯಲ್ಲಿ ಸಾವಿರಾರು ಕಿಲೋಮೀಟರ್ ದೂರದ ಒಂಟಾರಿಯೋದಲ್ಲಿ ಟೈಯಂಡಿನೇಗದ ಮೋಹಾಕ್ ಜನ ವೆಟ್ಸುವೆಟೆನ್‌ರಿಗೆ ಬೆಂಬಲವಾಗಿ ರೈಲುಹಾದಿಯ ಪಕ್ಕ ಬೀಡುಬಿಟ್ಟರು. ದೇಶದ ಪೂರ್ವಭಾಗದ ರೈಲುಗಳು ವಾರಗಟ್ಟಲೆ ನಿಂತವು. ಒಂದು ಕಾಡಿನ ಜಗಳ ಇಡೀ ದೇಶದ ಪ್ರಶ್ನೆಯಾದದ್ದು ಆಗ.

ಹಬ್ಬ ಬೇಡವೆಂಬ ಕರೆ

ನೆಲದ ಈ ಜಗಳಗಳು ಜುಲೈ 1ಕ್ಕೆ ಬಂದು ಸೇರಿದ್ದು ಹೇಗೆಂಬುದನ್ನು ಈಗ ನೋಡಬಹುದು. 2017ರಲ್ಲಿ ಒಕ್ಕೂಟಕ್ಕೆ 150 ತುಂಬಿತು. ಅಪಾರ ಹಣ ಸುರಿದು ವರ್ಷವಿಡೀ ಉತ್ಸವ ನಡೆಯಿತು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ಶೆಕ್ವೆಪೆಮ್ ಜನರ ಮುಖಂಡ ಆರ್ಥರ್ ಮ್ಯಾನ್ಯುಯೆಲ್ ತಮ್ಮ ಬರಹಗಳಲ್ಲಿ ಒಂದು ಅಂಕಿಯನ್ನು ಮತ್ತೆ ಮತ್ತೆ ಮುಂದಿಡುತ್ತಿದ್ದರು. ಮೀಸಲು ನೆಲಗಳನ್ನೆಲ್ಲ ಒಟ್ಟು ಮಾಡಿದರೆ ಅದು ಕೆನಡಾದ ನೆಲದ ನೂರಕ್ಕೆ 0.2ರಷ್ಟು. ಉಳಿದ 99.8 ಭಾಗ ಬಂದವರದು. ತಮ್ಮ ಜನರ ಬಡತನಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ ಎಂಬುದು ಅವರ ವಾದ. ಹಬ್ಬಕ್ಕೆ ಮೂರು ದಿನ ಮುಂಚೆ ಒಂಟಾರಿಯೋದಿಂದ ಬಂದ ಮೂಲನಿವಾಸಿಗಳ ತಂಡವೊಂದು ಪಾರ್ಲಿಮೆಂಟಿನ ಎದುರಿನ ಗುಡ್ಡದ ಮೇಲೆ ‘ಟೀಪಿ’ ಎಂಬ ತಮ್ಮ ಗುಡಾರವನ್ನು ನಿಲ್ಲಿಸಲು ಹೋಯಿತು. ಪೊಲೀಸರು ತಡೆದು ಕೆಲವರನ್ನು ಹಿಡಿದರು. ಆಮೇಲೆ ಬಿಟ್ಟರು, ಗುಡಾರ ಎದ್ದಿತು. ಪ್ರಧಾನಿ ಜಸ್ಟಿನ್ ಟ್ರೂಡೋ ಅದರೊಳಗೆ ಬಂದು ಕೂತು ಮಾತನಾಡಿದರು.

2012ರ ಕೊನೆಯಲ್ಲಿ ಸಸ್ಕಾಚೆವಾನ್ ಪ್ರಾಂತದ ನಾಲ್ವರು ಮಹಿಳೆಯರು ಆರಂಭಿಸಿದ ‘ಐಡಲ್ ನೋ ಮೋರ್’ ಎಂಬ ಚಳವಳಿ, ಇನ್ನು ಸುಮ್ಮನಿರೆವು ಎಂಬರ್ಥದ್ದು, 2020 ಮತ್ತು 2021ರಲ್ಲಿ ಕೆನಡಾ ದಿನವನ್ನು ರದ್ದುಮಾಡಿ ಎಂಬ ಕರೆ ಕೊಟ್ಟಿತು. 2021ರ ಮೇ ತಿಂಗಳಲ್ಲಿ ಕಾಮ್‌ಲೂಪ್ಸ್ ಊರಿನ ಹಳೆಯ ವಸತಿ ಶಾಲೆಯ ಆವರಣದಲ್ಲಿ ರೇಡಾರ್ ಶೋಧನೆಯಿಂದ ಸುಮಾರು 200 ಗುರುತಿಲ್ಲದ ಸಮಾಧಿಗಳಿರುವ ಸಂಭವ ಕಂಡಿದೆ ಎಂಬ ಸುದ್ದಿ ಬಂತು. ಅದು ನೆಲದೊಳಗಿನ ವ್ಯತ್ಯಾಸಗಳ ಸೂಚನೆ. ಅಗೆದು ಕಂಡದ್ದಲ್ಲ ಎಂಬ ಎಚ್ಚರ ಅಗತ್ಯ. ಆದರೆ ವಸತಿ ಶಾಲೆಗಳಲ್ಲಿ ಮಕ್ಕಳು ಸತ್ತದ್ದು ಊಹೆಯ ಮಾತಲ್ಲ. ಸುಮಾರು 1,50,000 ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ, ಅವರ ನುಡಿ ಬಿಡಿಸಿದ ಆ ಶಾಲೆಗಳಲ್ಲಿ 4,100ಕ್ಕೂ ಹೆಚ್ಚು ಸಾವುಗಳು ದಾಖಲಾಗಿವೆ. 2015ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ 94 ಸಲಹೆಗಳೊಡನೆ ಅದನ್ನೆಲ್ಲ ಬರೆದಿಟ್ಟಿತ್ತು. ಕಿತ್ತಳೆ ಅಂಗಿಯ ಮೂಲವೂ ಅಲ್ಲಿಯೇ. 1973ರಲ್ಲಿ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಕಿತ್ತುಕೊಂಡರು, ಮತ್ತೆ ಕೊಡಲಿಲ್ಲ.

ಆ ವರ್ಷ ವಿಕ್ಟೋರಿಯ ನಗರಸಭೆ ತನ್ನ ಕಾರ್ಯಕ್ರಮವನ್ನು ಕೈಬಿಟ್ಟಿತು. ಪಾರ್ಲಿಮೆಂಟಿನ ಗೋಪುರದ ಬಾವುಟ ಕೆನಡಾ ದಿನದಂದೇ ಅರ್ಧಕ್ಕಿಳಿದಿತ್ತು. ವಿನ್ನಿಪೆಗ್ ನಗರದಲ್ಲಿ ಗುಂಪೊಂದು ವಿಕ್ಟೋರಿಯ ರಾಣಿಯ ಪ್ರತಿಮೆಯನ್ನು ಉರುಳಿಸಿತು. ಅದನ್ನು ಮೂಲನಿವಾಸಿಗಳಲ್ಲೇ ಹಲವರು ಒಪ್ಪಲಿಲ್ಲ. ಸೆಪ್ಟೆಂಬರ್ 30 ಆ ವರ್ಷದಿಂದ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನವಾಯಿತು.

ಇಲ್ಲಿಯೇ ಒಂದು ಅಪಾಯವೂ ಇದೆ. ಮಕ್ಕಳ ಸಾವಿಗೆ ಕಣ್ಣೀರು ಹಾಕುವುದು ಸರ್ಕಾರಕ್ಕೂ ಸುಲಭ, ಜನರಿಗೂ ಸುಲಭ. ಅದು ಮುಗಿದ ಕಥೆಯೆಂದು ಹೇಳಿ ಮುಂದೆ ಹೋಗಬಹುದು. ನೆಲದ ಕಥೆ ಹಾಗಲ್ಲ. ಬಾವುಟ ಅರ್ಧಕ್ಕಿಳಿದ ಅದೇ ವರ್ಷದ ನವೆಂಬರ್‌ನಲ್ಲಿ ಪೊಲೀಸರು ಮೂರನೆಯ ಸಲ ವೆಟ್ಸುವೆಟೆನ್ ಕಾಡಿಗೆ ಹೋದರು. ಶೋಕಕ್ಕೆ ಒಂದು ರಜೆ ಸಿಕ್ಕಿತು, ನೆಲಕ್ಕೆ ಸಿಕ್ಕಿದ್ದು ತಡೆಯಾಜ್ಞೆ. ಆದ್ದರಿಂದಲೇ ತಿಳಿದವರು ಈ ಎರಡನ್ನೂ ಬೇರ್ಪಡಿಸಲು ಒಪ್ಪುವುದಿಲ್ಲ.

ಉಂಡ ಮನೆ ಯಾವುದು?

ಈ ಪ್ರತಿಭಟನೆಗೆ ಇರುವ ಆಕ್ಷೇಪಗಳನ್ನೂ ಕೇಳಬೇಕು. ಮೂಲನಿವಾಸಿಗಳೆಲ್ಲ ಒಂದೇ ದನಿಯವರಲ್ಲ. ಕೊಳವೆ ಮಾರ್ಗದಿಂದ ಉದ್ಯೋಗ ಬರಲಿ ಎಂದು ಸಹಿ ಹಾಕಿದ ಮಂಡಳಿಗಳಲ್ಲಿರುವವರೂ ಅವರೇ. ಕೆನಡಾದ ಸೈನ್ಯದಲ್ಲಿ ದುಡಿದು, ಬಾವುಟಕ್ಕೆ ಗೌರವ ಕೊಡುವವರೂ ಅವರಲ್ಲಿದ್ದಾರೆ. ಹಬ್ಬದ ವೇದಿಕೆಯಲ್ಲೇ ತಮ್ಮ ಕುಣಿತ ಕುಣಿದು, ನಾವಿನ್ನೂ ಇದ್ದೇವೆ ಎಂದು ತೋರಿಸುವುದು ಮೇಲೆಂದು ಭಾವಿಸುವವರೂ ಉಂಟು. ಇದು ಅವರ ಮನೆಯೊಳಗಿನ ಚರ್ಚೆ. ಹೂಂ ಎನ್ನುವವರ ಮಾತಿಗೆ ಬೆಲೆ ಬರುವುದು ಊಹೂಂ ಎನ್ನಲೂ ಸಾಧ್ಯವಿದ್ದಾಗ. ಬೇಡವೆಂದರೂ ನಿಲ್ಲದ ಕೆಲಸಕ್ಕೆ ಒಪ್ಪಿಗೆ ಕೇಳಿದರೆ ಅದು ಕೇಳಿದಂತಲ್ಲ, ತಿಳಿಸಿದಂತೆ.

ಎರಡನೆಯ ಆಕ್ಷೇಪ ಹೊರಗಿನಿಂದ ಹೋದವರ ಕುರಿತದ್ದು. ಬೇರೆ ದೇಶದಿಂದ ಬಂದು, ಇಲ್ಲಿ ಕೆಲಸ, ಮನೆ, ಪೌರತ್ವ ಪಡೆದು, ಇಲ್ಲಿಯ ಹಬ್ಬಕ್ಕೆ ಬೆನ್ನು ತಿರುಗಿಸುವುದು ಸರಿಯೇ? ಕನ್ನಡದ ಗಾದೆಯಲ್ಲಿ ಹೇಳುವುದಾದರೆ, ಉಂಡ ಮನೆಗೆ ಎರಡು ಬಗೆಯಬಹುದೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಂಡ ಮನೆ ಯಾವುದು ಎಂಬುದನ್ನು ಮೊದಲು ತಿಳಿಯಬೇಕಲ್ಲ?

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಟೊರಾಂಟೊ ನಗರದ ಪಶ್ಚಿಮಕ್ಕಿರುವ ವಾಟರ್‌ಲೂ, ಕಿಚನರ್ ಊರುಗಳು ಕಂಪ್ಯೂಟರ್ ಉದ್ಯಮಕ್ಕೂ ವಿಶ್ವವಿದ್ಯಾಲಯಕ್ಕೂ ಹೆಸರಾದವು. ಕರ್ನಾಟಕದಿಂದ ಹೋದ ಎಂಜಿನಿಯರುಗಳೂ ವಿದ್ಯಾರ್ಥಿಗಳೂ ಅಲ್ಲಿದ್ದಾರೆ. ಆ ಊರುಗಳಿರುವುದು ಗ್ರ್ಯಾಂಡ್ ನದಿಯ ಕಣಿವೆಯಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿ ತಮ್ಮ ನಾಡು ಕಳೆದುಕೊಂಡ ಆರು ಜನಾಂಗಗಳ ಒಕ್ಕೂಟದವರಿಗೆ, 1784ರ ಅಕ್ಟೋಬರ್ 25ರಂದು ಗವರ್ನರ್ ಹಾಲ್ಡಿಮಂಡ್ ಆ ನದಿಯ ಎರಡೂ ದಡಗಳಲ್ಲಿ ಆರಾರು ಮೈಲಿ ಅಗಲದ ನೆಲವನ್ನು ಬರೆದುಕೊಟ್ಟ. ಒಟ್ಟು ಸುಮಾರು 9,50,000 ಎಕರೆ. ಇಂದು ಅವರ ಕೈಯಲ್ಲಿರುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಎಷ್ಟು ಮಾರಾಟವಾಯಿತು, ಎಷ್ಟು ಗುತ್ತಿಗೆ, ಎಷ್ಟು ಒತ್ತುವರಿ, ಬಂದ ಹಣ ಎಲ್ಲಿ ಹೋಯಿತು ಎಂಬ ಲೆಕ್ಕ ಕೇಳಿ ಅವರು 1995ರಲ್ಲಿ ದಾವೆ ಹೂಡಿದ್ದಾರೆ. ಅದೇ ಕಣಿವೆಯ ಕ್ಯಾಲೆಡೋನಿಯ ಊರಿನ ಬಳಿ 2020ರ ಜುಲೈಯಲ್ಲಿ ಹೊಸ ಬಡಾವಣೆಯ ಕಾಮಗಾರಿಯನ್ನು ತಡೆದು ಕೂತ ಭೂರಕ್ಷಕರು ಆ ಜಾಗಕ್ಕೆ ‘1492 ಲ್ಯಾಂಡ್ ಬ್ಯಾಕ್ ಲೇನ್’ ಎಂದು ಹೆಸರಿಟ್ಟರು. ಮರುವರ್ಷ ಆ ಬಡಾವಣೆಯ ಯೋಜನೆ ರದ್ದಾಯಿತು.

ಹೀಗಿರುವಾಗ ವಲಸೆ ಹೋದವನಿಗೆ ವೀಸಾ ಕೊಟ್ಟವರು ಒಬ್ಬರು, ಅವನು ಕಾಲಿಟ್ಟ ನೆಲ ಇನ್ನೊಬ್ಬರದು ಎಂಬ ಸ್ಥಿತಿ. ಅವನು ನೆಲ ಕಿತ್ತುಕೊಂಡವನಲ್ಲ, ನಿಜ. ಕಿತ್ತುಕೊಂಡುದರ ಫಲ ಉಣ್ಣುವವನಲ್ಲ ಎಂದು ಹೇಳಲಾಗದು. ಜೊತೆಗೆ ನಡೆಯುವುದೆಂದರೆ ಅವನು ಮುಂದೆ ನಿಂತು ಘೋಷಣೆ ಕೂಗಬೇಕೆಂದಲ್ಲ. ಆತಿಥ್ಯ ಕೊಟ್ಟ ಮೂಲ ಮನೆಯವರು ಶೋಕದಲ್ಲಿರುವಾಗ ಅಂಗಳದಲ್ಲಿ ಪಟಾಕಿ ಹೊಡೆಯದಿರುವುದು ಅದರ ಮೊದಲ ಹೆಜ್ಜೆ. ಆ ಮನೆಯ ಕಾಗದ ಎಲ್ಲಿದೆ ಎಂದು ಕೇಳುವುದು ಎರಡನೆಯದು. ಅವಮಾನದ ದಿನ ಆಚರಿಸಿದ ಚೀನೀಯರೂ, ಕೊಮಗಾಟಾ ಮಾರು ನೆನಪುಳ್ಳ ಪಂಜಾಬಿಗಳೂ ತಮ್ಮ ಅನುಭವದಿಂದಲೇ ಈ ಮಾತನ್ನು ಅರಿಯಬಲ್ಲರು.

ಗೆದ್ದದ್ದೆಷ್ಟು, ಸೋತದ್ದೆಷ್ಟು

ಇಷ್ಟೆಲ್ಲದರಿಂದ ಆದದ್ದೇನು? ವೆಟ್ಸುವೆಟೆನ್ ನಾಡಿನ ಕೊಳವೆ ಮಾರ್ಗ ನಿಲ್ಲಲಿಲ್ಲ. 2023ರಲ್ಲಿ ಅದರ ಕೆಲಸ ಮುಗಿಯಿತು. 2025ರ ಜೂನ್ ಕೊನೆಯಲ್ಲಿ, ಇನ್ನೊಂದು ಕೆನಡಾ ದಿನದ ಹೊಸ್ತಿಲಲ್ಲಿ, ಕಿಟಿಮ್ಯಾಟ್ ಬಂದರಿನಿಂದ ದ್ರವೀಕೃತ ಅನಿಲದ ಮೊದಲ ಹಡಗು ಹೊರಟಿತು. ಅದೇ ಜೂನ್‌ನಲ್ಲಿ, ರಾಷ್ಟ್ರಹಿತದವೆಂದು ಸರ್ಕಾರ ಹೆಸರಿಸುವ ದೊಡ್ಡ ಯೋಜನೆಗಳಿಗೆ ಬೇಗ ಬೇಗ ಅನುಮತಿ ಕೊಡುವ ಕಾಯ್ದೆಯೂ ಒಟ್ಟಾವಾದಲ್ಲಿ ಅಂಗೀಕಾರವಾಯಿತು. ನಮ್ಮನ್ನು ಸರಿಯಾಗಿ ಕೇಳಲಿಲ್ಲವೆಂದು ಹಲವು ಮೂಲನಿವಾಸಿ ಮುಖಂಡರು ಅದನ್ನು ವಿರೋಧಿಸಿದರು. ರಾಷ್ಟ್ರದ ಹಿತವೆಂದರೆ ಯಾರ ಹಿತ ಎಂಬ ಹಳೆಯ ಪ್ರಶ್ನೆ ಹೊಸ ಕಾಯ್ದೆಯ ರೂಪದಲ್ಲಿ ಮರಳಿ ಬಂದಿದೆ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಓಕಾದ ಪೈನ್ ತೋಪಿನಲ್ಲಿ ಗಾಲ್ಫ್ ಆಟ ನಡೆಯಲಿಲ್ಲ. 1997ರ ಡೆಲ್ಗಮೂಕ್ ತೀರ್ಪು ಹಾಕಿಕೊಟ್ಟ ಹಾದಿಯಲ್ಲಿ 2014ರ ಜೂನ್ 26ರಂದು ಸುಪ್ರೀಂ ಕೋರ್ಟ್ ಸಿಲ್ಕೋಟಿನ್ ಜನರಿಗೆ ಸುಮಾರು 1,750 ಚದರ ಕಿಲೋಮೀಟರ್ ನೆಲದ ಸ್ವಾಮ್ಯವನ್ನು ಘೋಷಿಸಿತು. ಕೆನಡಾದಲ್ಲಿ ಅಂಥ ಘೋಷಣೆ ಅದೇ ಮೊದಲು. ತಗಡಿನ ಕಿವಿಯ ಮುಂದೆ ಒಬ್ಬ ಮುದುಕಿ ಹಾಡಿದ ಹಾಡು ವ್ಯರ್ಥವಾಗಲಿಲ್ಲ. ಹಾಡಿದ್ದಕ್ಕೂ ಅದು ಕಾನೂನಾಗಿ ಕೇಳಿಸಿದ್ದಕ್ಕೂ ನಡುವೆ ವರ್ಷಗಳು ಹಿಡಿದವು.

ಜುಲೈ 1ರ ಹಬ್ಬ ಉಳಿಯುತ್ತದೋ, ಬೇರೆ ರೂಪ ತಾಳುತ್ತದೋ, ಅದು ಕೆನಡಾದ ಜನ ತೀರ್ಮಾನಿಸಬೇಕಾದ ಸಂಗತಿ. ನ್ಯೂಫೌಂಡ್‌ಲ್ಯಾಂಡಿನವರಂತೆ ಬೆಳಿಗ್ಗೆ ಶೋಕ, ಸಂಜೆ ಹಬ್ಬ ಎಂಬ ಏರ್ಪಾಡು ಇಡೀ ದೇಶಕ್ಕೆ ಬಂದರೂ ಬರಬಹುದು. ಆದರೆ ಕಾಡಿನ ದಾರಿಯಲ್ಲಿ ಹಿಮದ ನಡುವೆ ನಿಂತವರು ಕೇಳುತ್ತಿರುವುದು ರಜೆಯ ಪಟ್ಟಿಯಲ್ಲಿ ಬದಲಾವಣೆಯನ್ನಲ್ಲ. 1864ರ ಸಭೆಗಳಲ್ಲಿ ತಮಗಾಗಿ ಇಡದೆ ಹೋದ ಕುರ್ಚಿಯನ್ನು ಅವರು ಕೇಳುತ್ತಿದ್ದಾರೆ. ಆ ಕುರ್ಚಿಯಲ್ಲಿ ಕೂತು ಅವರು ಊಹೂಂ ಎಂದರೆ, ಆ ಮಾತಿಗೆ ಕೆಲಸ ನಿಲ್ಲಬೇಕು. ಅಂಥ ದಿನ ಬಂದರೆ ಜುಲೈ 1ಕ್ಕೆ ಯಾವ ಬಣ್ಣದ ಅಂಗಿ ತೊಡಬೇಕೆಂಬ ಪ್ರಶ್ನೆ ತಾನಾಗಿ ಬಗೆಹರಿದೀತು.